ಪೈಪೋಟಿ ಕಂಪನಿಗಳ ಸಿಐಎಸ್‌ಓಗಳು ಒಟ್ಟಿಗೆ ಕೂತು ಏನು ಮಾತಾಡ್ತಾರೆ?

ಬ್ಯಾಂಕು, ಟೆಲಿಕಾಂ, ಆಸ್ಪತ್ರೆಗಳಲ್ಲಿ ನಿಮ್ಮ ಡೇಟಾ ಕಾಯೋ ಮುಖ್ಯ ಮಾಹಿತಿ ಭದ್ರತಾ ಅಧಿಕಾರಿಗೆ ಸಿಐಎಸ್‌ಓ ಅಂತಾರೆ. ವ್ಯಾಪಾರದಲ್ಲಿ ಕಿತ್ತಾಡೋ ಕಂಪನಿಗಳ ಸಿಐಎಸ್‌ಓಗಳೂ ಬಾಗಿಲು ಹಾಕಿಕೊಂಡು ಒಟ್ಟಿಗೆ ಕೂರ್ತಾರೆ. ಇವತ್ತು ಒಂದು ಬ್ಯಾಂಕಿಗೆ ನುಗ್ಗಿದ ಕಳ್ಳ ಅದೇ ದಾರೀಲಿ ನಾಳೆ ಇನ್ನೊಂದಕ್ಕೆ ಬರ್ತಾನಲ್ಲ, ಅದಕ್ಕೆ. ಅಮೆರಿಕದಲ್ಲಿ ಹಣಕಾಸು ವಲಯದ ಎಫ್‌ಎಸ್-ಐಸ್ಯಾಕ್ 1999ರಲ್ಲೇ ಹುಟ್ಟಿತು. ನಮ್ಮ ಬ್ಯಾಂಕುಗಳಿಗೆ ಹೈದರಾಬಾದಿನ ಐಡಿಆರ್‌ಬಿಟಿ ಇಂಥ ವೇದಿಕೆ ನಡೆಸುತ್ತದೆ. ಕೇಳಿದ್ದನ್ನು ಎಲ್ಲಿವರೆಗೆ ಹಂಚಬಹುದು ಅನ್ನೋದಕ್ಕೆ ಟ್ರಾಫಿಕ್ ಲೈಟ್ ಪ್ರೋಟೋಕಾಲ್ ಇದೆ: ಕೆಂಪು ಅಂದ್ರೆ ಮಾತು ಆ ಕೋಣೆ ದಾಟಬಾರದು.

ಚರ್ಚೆ ಬರೀ ಹ್ಯಾಕರ್‌ಗಳದ್ದಲ್ಲ. ಬಜೆಟ್ ಸಾಲದು, ಜನ ಸಿಗಲ್ಲ, ಬೋರ್ಡ್ ಕಿವಿಗೊಡಲ್ಲ (ಐಟಿ ಕಂಪನಿಯಲ್ಲಿ ದುಡಿದವರಿಗೆ ಹೊಸದೇನಲ್ಲ). ಈಗ ಜೈಲಿನ ಭಯವೂ ಸೇರಿದೆ. 2016ರ ಡೇಟಾ ಸೋರಿಕೆ ಮುಚ್ಚಿಟ್ಟಿದ್ದಕ್ಕೆ ಉಬರ್‌ನ ಭದ್ರತಾ ಮುಖ್ಯಸ್ಥ ಜೋ ಸಲಿವನ್ 2022ರಲ್ಲಿ ತಪ್ಪಿತಸ್ಥ ಅಂತ ತೀರ್ಪಾಯಿತು. ಆಗಿನ ಸಿಇಓ ಟ್ರಾವಿಸ್ ಕಲಾನಿಕ್ ಮೇಲೆ ಆ ವಿಚಾರದಲ್ಲಿ ಕೇಸೇ ಹಾಕಲಿಲ್ಲ.

ಕಷ್ಟ ಹಂಚಿಕೊಳ್ಳಲಿ, ತಕರಾರಿಲ್ಲ. ಆದರೆ ಡೇಟಾ ಕಳಕೊಂಡ ನಾವು ಆ ಕೋಣೆಯಲ್ಲಿ ಇರಲ್ಲ. 2022ರ ಸರ್ಟ್-ಇನ್ ನಿರ್ದೇಶನ 6 ಗಂಟೆಯೊಳಗೆ ತಿಳಿಸಿ ಅನ್ನೋದು ಸರ್ಕಾರಕ್ಕೆ. ಸೋರಿಕೆಯಾದರೆ ಬಾಧಿತರಿಗೂ ಹೇಳಲೇಬೇಕು ಅಂದಿದ್ದು 2023ರ ಡಿಪಿಡಿಪಿ ಕಾಯ್ದೆ.