ಸ್ಥಾನ ಉಳಿಯಿತು, ಪದ ಚದುರಿತು
1984ರಲ್ಲಿ ಅಡೋಬಿ ಹೊರತಂದ ಪೋಸ್ಟ್‌ಸ್ಕ್ರಿಪ್ಟ್ ಭಾಷೆಗೆ ಪುಟವೆಂದರೆ ಒಂದು ನಕ್ಷೆ. ಎಡಗಡೆಯ ಕೆಳಮೂಲೆಯೇ ಸೊನ್ನೆ. ಅಳತೆಗೋಲು, ಇಂಚಿನ 72ನೆಯ ಒಂದು ಭಾಗ. ಸಾಲು ಎಲ್ಲಿ ಮುರಿಯಬೇಕೆಂಬ ಲೆಕ್ಕವನ್ನು ಡೊನಾಲ್ಡ್ ಕನೂತರ ಟೆಕ್‌ನಂಥ ತಂತ್ರಾಂಶ ಮೊದಲೇ ಮುಗಿಸಿರುತ್ತಿತ್ತು. ಪೋಸ್ಟ್‌ಸ್ಕ್ರಿಪ್ಟ್‌ಗೆ ಉಳಿದ ಕೆಲಸ, ಹೇಳಿದ ಜಾಗದಲ್ಲಿ ಅಕ್ಷರ ಮೂಡಿಸುವುದು.

1993ರಲ್ಲಿ ಬಂದ ಪಿಡಿಎಫ್ ಈ ಕ್ರಮವನ್ನೇ ಮುಂದುವರಿಸಿತು. ಮುಂಬೈಯಲ್ಲಿ ಕಟ್ಟಿದ ಪುಟ ದೆಹಲಿಯಲ್ಲೂ ಹಾಗೆಯೇ ಕಂಡಿತು. ಆದರೆ ಪದ ಯಾವುದು, ಓದಿನ ಕ್ರಮ ಯಾವುದು ಎಂಬ ಮಾಹಿತಿ ಕಡತದಲ್ಲಿ ಇರಲೇಬೇಕೆಂದಿಲ್ಲ.

ಕನ್ನಡಕ್ಕೆ ಬಿದ್ದ ಪೆಟ್ಟು ಇಲ್ಲಿಯೇ. ಒತ್ತಕ್ಷರ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ನಕಲು ಮಾಡಿದರೆ ಎಷ್ಟೋ ಸಲ ಚೆಲ್ಲಾಪಿಲ್ಲಿ. ಹೀಗಾಗಿ ಪಿಡಿಎಫ್‌ನಲ್ಲಷ್ಟೇ ಉಳಿದ ಎಷ್ಟೋ ಕನ್ನಡ ಪುಸ್ತಕಗಳಲ್ಲಿ ಒಂದು ಪದ ಹುಡುಕುವುದೂ ಕಷ್ಟ.