ಸಾದಾ ಹಾಕ್ಸೋದಾ, ಪ್ರೀಮಿಯಂ ಹಾಕ್ಸೋದಾ? ಬಂಕಿನ ಪ್ರಶ್ನೆಯ ನೂರು ವರ್ಷದ ಕಥೆ

ಕಲ್ಯಾಣ್–ಶಿಲ್ ರಸ್ತೆಯಲ್ಲೋ, ಪಾಮ್ ಬೀಚ್ ರಸ್ತೆಯಲ್ಲೋ ಬಂಕಿಗೆ ಕಾರ್ ತಿರುಗಿಸಿದ್ರೆ ಹುಡುಗ ಮೊದಲು ಕೇಳೋದು, "ಸಾಧಾ ಕೀ ಪವರ್?" ಹಿಂದಿನವನು ಹಾರ್ನ್ ಹೊಡೀತಿರ್ತಾನೆ, ನಾವು ಬಾಯಿಗೆ ಬಂದದ್ದು ಹೇಳ್ತೀವಿ. ಮನೆ ಸಾಲದ ಕಂತು, ಕಾರಿನ ಕಂತು ಎರಡೂ ಕಟ್ಟೋ ನಮ್ಮಂಥವರಿಗೆ ಇದು ಸಣ್ಣ ದುಡ್ಡೇನಲ್ಲ. ಇನ್ನೊಂದು ವಿಷಯ ಏನಂದ್ರೆ, "ಪ್ರೀಮಿಯಂ" ಅನ್ನೋ ಪದದ ಅರ್ಥ ನೂರು ವರ್ಷದಲ್ಲಿ ನಾಲ್ಕೈದು ಸಲ ಬದಲಾಗಿದೆ. ಒಂದು ಕಾಲದ ಅರ್ಥ ನಂಬ್ಕೊಂಡು ಇನ್ನೊಂದು ಕಾಲದಲ್ಲಿ ದುಡ್ಡು ಕೊಡ್ತಾ ಇದೀವಿ.

ಮೊದಲು ಆಕ್ಟೇನ್ ವಿಷಯ ಮುಗಿಸಿಬಿಡೋಣ. ಪಿಸ್ಟನ್ ಗಾಳಿ–ಪೆಟ್ರೋಲ್ ಮಿಶ್ರಣವನ್ನ ಅದುಮುತ್ತೆ, ಪ್ಲಗ್ ಕಿಡಿ ಹಾರಿಸುತ್ತೆ, ಬೆಂಕಿ ಒಂದು ಕಡೆಯಿಂದ ಹರಡ್ಕೊಂಡು ಹೋಗ್ಬೇಕು. ಒತ್ತಡ ಜಾಸ್ತಿಯಾದ್ರೆ, ಬೆಂಕಿ ತಲುಪೋ ಮೊದಲೇ ಮೂಲೆಯ ಮಿಶ್ರಣ ತಾನಾಗೇ ಸಿಡಿಯುತ್ತೆ. ಘೋಡ್‌ಬಂದರ್ ರಸ್ತೆಯ ಗಾಯ್‌ಮುಖ್ ಏರಿನಲ್ಲಿ ಹಳೇ ಕಾರನ್ನ ಗೇರ್ ಇಳಿಸದೆ ಎಳೆದ್ರೆ ಕಟಕಟ ಅನ್ನುತ್ತಲ್ಲ, ಅದೇ ನಾಕಿಂಗ್. ಇದನ್ನ ಪೆಟ್ರೋಲ್ ಎಷ್ಟರಮಟ್ಟಿಗೆ ತಡ್ಕೊಳ್ಳುತ್ತೆ ಅನ್ನೋ ಅಂಕಿಯೇ ಆಕ್ಟೇನ್. ಅದು ತಾಳ್ಮೆಯ ಅಳತೆ, ಶಕ್ತಿಯ ಅಳತೆ ಅಲ್ಲ.

ಈ ಕಟಕಟಕ್ಕೆ ಮದ್ದು ಹುಡುಕಿದವನು ಅಮೆರಿಕದ ಜನರಲ್ ಮೋಟಾರ್ಸ್ ಪ್ರಯೋಗಾಲಯದ ಥಾಮಸ್ ಮಿಡ್ಜ್‌ಲಿ. 1921ರ ಡಿಸೆಂಬರ್‌ನಲ್ಲಿ ಅವನ ತಂಡಕ್ಕೆ ಸಿಕ್ಕಿದ್ದು ಟೆಟ್ರಾಈಥೈಲ್ ಲೆಡ್, ಅಂದ್ರೆ ಸೀಸದ ಸಂಯುಕ್ತ. 1923ರ ಫೆಬ್ರವರಿಯಲ್ಲಿ ಡೇಟನ್ ಊರಿನ ಬಂಕಿನಲ್ಲಿ "ಈಥೈಲ್" ಹೆಸರಿನಲ್ಲಿ ಮಾರಾಟ ಶುರುವಾಯ್ತು. ಹೆಸರಲ್ಲಿ ಸೀಸದ ಸುಳಿವೇ ಇಲ್ಲ ನೋಡಿ. ಮರುವರ್ಷ ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಇದನ್ನ ತಯಾರಿಸ್ತಿದ್ದ ಐವರು ಕಾರ್ಮಿಕರು ಸೀಸದ ವಿಷಕ್ಕೆ ಸತ್ತರು. ಆಲ್ಕೋಹಾಲ್ ಬೆರೆಸಿದ್ರೂ ನಾಕಿಂಗ್ ನಿಲ್ಲುತ್ತೆ ಅಂತ ಮಿಡ್ಜ್‌ಲಿಗೇ ಗೊತ್ತಿತ್ತು. ಆದ್ರೆ ಸೀಸ ಚಿಟಿಕೆಯಷ್ಟು ಸಾಕು, ಪೇಟೆಂಟೂ ಸಿಗುತ್ತೆ. ಮುಂದಿನ ಎಪ್ಪತ್ತು ವರ್ಷ ಜಗತ್ತಿನ ಮಕ್ಕಳ ರಕ್ತಕ್ಕೆ ಸೀಸ ಸೇರಿದ್ದು ಈ ಲೆಕ್ಕಾಚಾರದಿಂದ.

ಈಗ ನಮ್ಮ ಕಡೆಗೆ ಬರೋಣ. ಡೊಂಬಿವಲಿ ಪೂರ್ವದಲ್ಲಿರೋರು "ಪ್ರೀಮಿಯರ್ ಗ್ರೌಂಡ್" ಹೆಸರು ಕೇಳಿರ್ತೀರಿ. ಇವತ್ತು ಸುತ್ತಮುತ್ತ ಬರೀ ಟವರ್‌ಗಳು. ಅದು ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಬಿಟ್ಟುಹೋದ ಹೆಸರು. ವಾಲಚಂದ್ ಹಿರಾಚಂದ್ 1944ರಲ್ಲಿ ಕಟ್ಟಿದ ಕಂಪನಿ. ಕುರ್ಲಾದಲ್ಲಿ ಒಂದು ಕಾರ್ಖಾನೆ, ಇಲ್ಲಿ ಇನ್ನೊಂದು. ಮುಂಬೈ ಟ್ಯಾಕ್ಸಿ ಅಂದ್ರೆ ಕಣ್ಮುಂದೆ ಬರೋ ಪದ್ಮಿನಿ ಅವರದ್ದೇ: 1089 ಸಿಸಿ, ಮೂಲ ಫಿಯೆಟ್‌ನ ಹಳೇ ವಿನ್ಯಾಸ, ಅದುಮೋ ಒತ್ತಡ ಕಡಿಮೆ. ಆಗ ನಮ್ಮಲ್ಲಿ ಪೆಟ್ರೋಲ್‌ಗೆ 87 ಮತ್ತು 93 ಆಕ್ಟೇನ್ ಅಂತ ಎರಡು ದರ್ಜೆ. ಪದ್ಮಿನಿಯಂಥ ಇಂಜಿನ್‌ಗೆ 93 ಹಾಕ್ಸೋದು ಬರೀ ಶೋಕಿ. ಆಮೇಲೆ ನಿಸ್ಸಾನ್ ಇಂಜಿನ್ನಿನ 118 ಎನ್‌ಇ ಬಂತು, ತೊಂಬತ್ತರ ದಶಕದ ಮಧ್ಯೆ ಇದೇ ಡೊಂಬಿವಲಿ ಕಾರ್ಖಾನೆಯಿಂದ ಪ್ಯೂಜೊ 309 ಬಂತು. ಇಂಥ ಹೊಸ ಇಂಜಿನ್‌ಗಳ ಜೊತೆ ಆಕ್ಟೇನ್ ಪ್ರಶ್ನೆಗೆ ಒಂದಿಷ್ಟು ಅರ್ಥ ಬಂತು ಅನ್ನಿ.

ಬಂಕಿನಲ್ಲಿ ನಿಜವಾದ ಆಯ್ಕೆ ಅಂತ ಇದ್ದಿದ್ದು 1995ರಿಂದ 2000ದವರೆಗೆ ಮಾತ್ರ ಅಂತ ನನ್ನ ಅಭಿಪ್ರಾಯ. 1995ರ ಏಪ್ರಿಲ್ 1ರಿಂದ ಮುಂಬೈ ಸೇರಿ ನಾಲ್ಕು ಮಹಾನಗರಗಳಲ್ಲಿ ಹೊಸ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಸೀಸ ಅದನ್ನ ಹಾಳು ಮಾಡುತ್ತೆ, ಹಾಗಾಗಿ ಸೀಸ ಇಲ್ಲದ ಪೆಟ್ರೋಲ್ ಬೇರೆಯಾಗಿ ಬಂತು. ತಪ್ಪು ಪಂಪಿಗೆ ಹೋದ್ರೆ ನಿಜಕ್ಕೂ ನಷ್ಟ ಆಗ್ತಿತ್ತು. 2000ದ ಫೆಬ್ರವರಿಯಲ್ಲಿ ದೇಶದಾದ್ಯಂತ ಸೀಸ ನಿಂತ್ಹೋಯ್ತು. ಯಾವ ಪ್ರೀಮಿಯಂ ಪೆಟ್ರೋಲೂ ಕೊಡದಷ್ಟು ಲಾಭ ಅವತ್ತು ಸಾದಾ ಪೆಟ್ರೋಲ್ ಹಾಕ್ಸೋನಿಗೆ ಸಿಕ್ತು.

2002ರ ಏಪ್ರಿಲ್‌ನಲ್ಲಿ ಸರ್ಕಾರ ಹಳೇ ಬೆಲೆ ನಿಗದಿ ವ್ಯವಸ್ಥೆ ಕೈಬಿಟ್ಟಿತು. ಮೂರೂ ಸರ್ಕಾರಿ ಕಂಪನಿಗಳ ಪೆಟ್ರೋಲ್ ಒಂದೇ ಥರ, ಹಾಗಾದ್ರೆ ಗಿರಾಕಿ ಇವರ ಬಂಕಿಗೇ ಯಾಕೆ ಬರ್ಬೇಕು? ಹುಟ್ಟಿದ್ದು ಸ್ಪೀಡ್, ಪವರ್, ಎಕ್ಸ್‌ಟ್ರಾ ಪ್ರೀಮಿಯಂ. ಇವುಗಳಲ್ಲಿ ಮಾರಿದ ಮುಖ್ಯ ಸರಕು ಆಕ್ಟೇನ್ ಅಲ್ಲ. ಇಂಜೆಕ್ಟರ್, ವಾಲ್ವ್ ಸ್ವಚ್ಛ ಇಡೋ ಅಡಿಟಿವ್. ಅದು ಕೆಲಸಕ್ಕೆ ಬಾರದ್ದು ಅಂತ ನಾನು ಹೇಳಲ್ಲ. ಆದ್ರೆ ಹೆಸರು ಕೇಳಿದ್ರೆ ಕಾರಿಗೆ ರೆಕ್ಕೆ ಬರುತ್ತೆ ಅನ್ನಿಸ್ಬೇಕು, ಹಾಗಿಟ್ಟಿದ್ದಾರೆ! ಕೇಂದ್ರ ಸರ್ಕಾರವೂ ಇದನ್ನ ಶೋಕಿ ಅಂತಲೇ ಎಣಿಸಿ ಲೀಟರ್‌ಗೆ 7.50 ರೂಪಾಯಿ ಅಬಕಾರಿ ಸುಂಕ ಹಾಕ್ತು. 2014ರ ಜುಲೈ ಬಜೆಟ್‌ನಲ್ಲಿ ಅದನ್ನ 2.35ಕ್ಕೆ ಇಳಿಸಿದ ಮೇಲೇ ಇವು ಮತ್ತೆ ಕೈಗೆಟುಕೋ ಬೆಲೆಗೆ ಬಂದದ್ದು.

2021ರ ಅಕ್ಟೋಬರ್‌ನಲ್ಲಿ ನಮ್ಮ ನವಿ ಮುಂಬೈಯ ನಾವ್ಡೆಯಲ್ಲಿ ಜಿಯೋ–ಬಿಪಿ ಮೊದಲ ಬಂಕ್ ತೆರೆದಾಗ, ಅಡಿಟಿವ್ ಬೆರೆಸಿದ ಇಂಧನವನ್ನ ಹೆಚ್ಚಿನ ಬೆಲೆ ಇಲ್ಲದೆ ಕೊಡ್ತೀವಿ ಅಂದ್ರು. 2002ರ ಪ್ರೀಮಿಯಂ ಅಲ್ಲಿ ಸಾದಾ ಆಗಿಬಿಡ್ತು.

ಉಳಿದದ್ದು ಆಕ್ಟೇನ್. ಬಿಎಸ್–6 ಕಾಲದಲ್ಲಿ ಸಾದಾ 91, ಪ್ರೀಮಿಯಂ 95. ಈಗ ಶೇ. 20 ಎಥೆನಾಲ್ ಇರೋ ಇ20 ಬಂದ ಮೇಲೆ ಸಾದಾ ಪೆಟ್ರೋಲೇ 95ಕ್ಕೆ ಬಂದಿದೆ. ಮಿಡ್ಜ್‌ಲಿ ಬಿಟ್ಟ ಆಲ್ಕೋಹಾಲ್ ನೂರು ವರ್ಷ ಆದ್ಮೇಲೆ ನಮ್ಮ ಟ್ಯಾಂಕಿಗೆ ವಾಪಸ್ ಬಂದಿದೆ. ಅದರಲ್ಲಿ ನಾವು ಊರಿಗೆ ಹೋಗೋ ದಾರಿಯ ಕೊಲ್ಲಾಪುರ, ಬೆಳಗಾವಿ ಕಡೆಯ ಕಬ್ಬಿನ ಪಾಲೂ ಇದೆ. ಆಕ್ಟೇನ್ ಏರಿತು, ಶಕ್ತಿ ಇಳಿಯಿತು: ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಮ್ಮಿ. ಹಳೇ ಕಾರುಗಳಲ್ಲಿ ಮೈಲೇಜ್ ಶೇ. 6–7ರಷ್ಟು ಇಳಿಯಬಹುದು ಅಂತ 2021ರ ನೀತಿ ಆಯೋಗದ ವರದಿಯೇ ಅಂದಾಜು ಮಾಡಿತ್ತು. 2023ರ ಏಪ್ರಿಲ್‌ಗಿಂತ ಮುಂಚಿನ ಕಾರಿನವರು ಎಥೆನಾಲ್ ಬೇಡ ಅಂತ 100 ಆಕ್ಟೇನ್ ಕಡೆ ನೋಡ್ತಿರೋದು ಇದಕ್ಕೇ. 2020ರ ಡಿಸೆಂಬರ್‌ನಲ್ಲಿ ಎಕ್ಸ್‌ಪಿ 100 ಬಂದಾಗ ದೆಹಲಿಯಲ್ಲಿ ಲೀಟರ್‌ಗೆ 160 ರೂಪಾಯಿ ಇತ್ತು. ರಬ್ಬರ್ ಪೈಪ್ ಉಳಿಸೋಕೆ ಆ ಬೆಲೆ ಕೊಡೋದಕ್ಕಿಂತ ಸರ್ವೀಸ್‌ನಲ್ಲಿ ಪೈಪನ್ನೇ ನೋಡ್ಸೋದು ಅಗ್ಗ ಅಂತ ನನಗನ್ಸುತ್ತೆ.

ಲೆಕ್ಕ ಹಾಕಿ. ಲೀಟರ್‌ಗೆ 7 ರೂಪಾಯಿ ವ್ಯತ್ಯಾಸ ಅಂತ ಇಟ್ಕೊಳ್ಳಿ, 35 ಲೀಟರ್ ಟ್ಯಾಂಕ್, ತಿಂಗಳಿಗೆ ಎರಡು ಸಲ: ವರ್ಷಕ್ಕೆ 5,880 ರೂಪಾಯಿ. ರಾಜ್ಯದ ವ್ಯಾಟ್ ಶೇಕಡಾ ಲೆಕ್ಕದಲ್ಲಿ ಇರೋದ್ರಿಂದ ಇದರಲ್ಲೂ ಸರ್ಕಾರಕ್ಕೆ ಪಾಲು. ಠಾಣೆ, ಮುಂಬೈ, ನವಿ ಮುಂಬೈಗೆ ಇದ್ದ ಶೇ. 26 ದರ 25ಕ್ಕೆ ಇಳಿದು ಉಳಿದ ಮಹಾರಾಷ್ಟ್ರಕ್ಕೆ ಸಮ ಆಗಿದ್ದು 2024ರ ಜುಲೈಯಲ್ಲಿ.

ಹಾಗಾದ್ರೆ ಯಾರಿಗೆ ಪ್ರೀಮಿಯಂ ಬೇಕು? ಕಾರಿನ ಮ್ಯಾನುಯಲ್‌ನಲ್ಲೋ ಟ್ಯಾಂಕ್ ಮುಚ್ಚಳದ ಒಳಗೋ ಎಷ್ಟು ಆಕ್ಟೇನ್ ಅಂತ ಬರೆದಿರುತ್ತೆ, ಅದನ್ನ ನೋಡಿ. 91 ಅಂತಿದ್ರೆ ಸಾದಾ ಸಾಕು. ಹೆಚ್ಚಿನ ಒತ್ತಡದ ಟರ್ಬೊ ಇಂಜಿನ್ ಇದ್ದು, 95ಕ್ಕಿಂತ ಮೇಲಿನದ್ದನ್ನೇ ಕೇಳಿದ್ರೆ ಮಾತ್ರ ಅದನ್ನ ಹಾಕ್ಸಿ. ಕಮ್ಮಿ ಹಾಕಿದ್ರೆ ನಾಕ್ ಸೆನ್ಸರ್ ಸದ್ದು ಹಿಡಿದು, ಒಳಗಿನ ಸಾಫ್ಟ್‌ವೇರ್ ಕಿಡಿಯನ್ನ ಸ್ವಲ್ಪ ತಡ ಮಾಡುತ್ತೆ. ನಮ್ಮದೇ ಜಾತಿಯ ಯಾರೋ ಬರೆದ ಇಫ್–ಎಲ್ಸ್ ಅದು. ಕಟಕಟ ನಿಮಗೆ ಕೇಳಿಸೋದೇ ಇಲ್ಲ, ಆದ್ರೆ ಏರಿನಲ್ಲಿ ಎಳೆತ ಕಮ್ಮಿಯಾಗಿರುತ್ತೆ.