ಒಂಬತ್ತು ಮಾದಲ, ಏಳು ಬೇಲ

ಇವತ್ತು ಒಂದು ಲೆಕ್ಕದ ಕತೆ. ಪೆನ್ನು ಬೇಡ, ಕೇಳಿಸ್ಕೊಳ್ಳಿ ಸಾಕು.

9 ಮಾದಲ ಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107. 7 ಮಾದಲ, 9 ಬೇಲ ಆದ್ರೆ 101. ಒಂದೊಂದರ ಬೆಲೆ ಎಷ್ಟು?

ಇದು ಸುಮಾರು 850ರ ಲೆಕ್ಕ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿದೆ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ ಮದರಾಸಿನಲ್ಲಿ ಪ್ರಕಟಿಸಿದರು.

ನಾನು ಬರಗೂರಿನವನು. ಬೇಲದ ಹಣ್ಣು ಗೊತ್ತಿತ್ತು, ಎಕ್ಸ್ ಗೊತ್ತಿರಲಿಲ್ಲ. ಎಕ್ಸ್ ಅಂದ್ರೆ ಏನು ಸಾರ್ ಅಂದಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ್ರು. ಮತ್ತೆ ಕೇಳಲೇ ಇಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಗಣಿತವನ್ನೇ ಬಿಟ್ಟೆ.

ಕಳೆದ ರಜೆಗೆ ಊರಿಗೆ ಹೋದಾಗ ಅಕ್ಕನ ಮಗಳದ್ದೂ ಅದೇ ಗೋಳು. ಎಂಟನೇ ಕ್ಲಾಸು, ಬೀಜಗಣಿತ ಅಂದ್ರೆ ಅಳು. ಪುಸ್ತಕ ಮುಚ್ಚಿಸಿ ಈ ಲೆಕ್ಕ ಕೇಳಿದೆ, ಸೂತ್ರ ಹೇಳಲಿಲ್ಲ. ಹುಣಸೆಬೀಜ, ಕಲ್ಲು ತಂದು ಎರಡು ರಾಶಿ ಮಾಡಿದಳು.

“ಮಾಮ, ಎರಡೂ ರಾಶಿ ಸೇರಿಸಿಬಿಟ್ರೆ?”

16 ಮಾದಲ, 16 ಬೇಲ, ಒಟ್ಟು 208. ಅಂದ್ರೆ ಒಂದು ಜೋಡಿಗೆ 13. ಆಮೇಲೆ ತುಂಬಾ ಹೊತ್ತು ಸುಮ್ಮನೆ ಕೂತಳು. ಹೇಳಿಬಿಡೋಣ ಅಂತ ನಾಲಿಗೆ ತುದಿಗೆ ಬಂತು, ತಡೆದುಕೊಂಡೆ.

“ಮೊದಲನೇದ್ರಲ್ಲಿ ಎರಡು ಮಾದಲ ಜಾಸ್ತಿ, ಎರಡು ಬೇಲ ಕಮ್ಮಿ. ಅದಕ್ಕೇ ಆರು ಜಾಸ್ತಿ!”

ಹಾಗಾದ್ರೆ ಒಂದು ಮಾದಲ ಬೇಲಕ್ಕಿಂತ 3 ದುಬಾರಿ. ಜೋಡಿಗೆ 13. ಮಾದಲ 8, ಬೇಲ 5.

ಮಹಾವೀರನ ದಾರಿ ಬೇರೆ. 107ನ್ನು 9ರಿಂದ ಗುಣಿಸಿ, 101ನ್ನು 7ರಿಂದ ಗುಣಿಸಿ ಕಳೆದರೆ 256. ಅದನ್ನು 81ರಲ್ಲಿ 49 ಕಳೆದು ಉಳಿದ 32ರಿಂದ ಭಾಗಿಸಿದರೆ 8. ಸರಿಯಾಗಿಯೇ ಇದೆ, ಆದರೆ ಯಾಕೆ ಅನ್ನೋದನ್ನ ಸೂತ್ರ ಹೇಳಲ್ಲ. ಹಾಗಾಗಿ ಹಿಂದಿನವರು ಎಲ್ಲವನ್ನೂ ಅರ್ಥ ಮಾಡಿಸಿಯೇ ಕಲಿಸ್ತಿದ್ರು ಅಂತ ನಾನು ಹೇಳಲ್ಲ. ಲೆಕ್ಕಗಳು ಮಾತ್ರ ಹಣ್ಣು, ಚಿನ್ನ, ಬಡ್ಡಿಯವು. 12ನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ.

ಎಕ್ಸ್ ಬರೋ ಮುಂಚೆ ನಮ್ಮಲ್ಲೂ ಅಕ್ಷರ ಇತ್ತು. ಭಾಸ್ಕರಾಚಾರ್ಯನ ‘ಬೀಜಗಣಿತ’ದಲ್ಲಿ ಗೊತ್ತಿಲ್ಲದ ಮೊತ್ತಕ್ಕೆ ‘ಯಾವತ್ತಾವತ್’, ಅಂದ್ರೆ ಎಷ್ಟೋ ಅಷ್ಟು. ಚಿಕ್ಕದಾಗಿ ‘ಯಾ’. ಇದನ್ನ ಹೇಳಿದ್ದಕ್ಕೆ ಅವಳು ‘9 ಮಾ, 7 ಬೇ, 107’ ಅಂತ ಬರೆದಳು. ಬರೆದು ಪೆನ್ಸಿಲ್ ನಿಲ್ಲಿಸಿದಳು.

“ಮಾಮ, ‘ಮಾ’ ಅಂದ್ರೆ ಹಣ್ಣಾ, ಹಣ್ಣಿನ ಬೆಲೆನಾ?”

“ನೀನೇ ಹೇಳು.”

“ಬೆಲೆ. ಹಣ್ಣಾದ್ರೆ ಒಟ್ಟು ಹದಿನಾರೇ ಅಲ್ವಾ, 107 ಎಲ್ಲಿಂದ ಬರುತ್ತೆ?”